ಹಸಿರು ಇರಬಾರದಿದ್ದ ಜಾಗ

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಆಕೆ ಶೆಡ್ಡಿನಲ್ಲಿ, ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ, ಮುಂದಿನ ಎಡಚಕ್ರದ ಹಿಂದೆ ಗಟ್ಟಿಯಾಗಿ ಕೂತಿದ್ದ ಹಳೆಯ ಗ್ರೀಸನ್ನು ಕೆರೆಯುತ್ತಿದ್ದಳು. ಹತ್ತೂವರೆಗೆ ತಾಯಿಗೆ ಮಾತ್ರೆ ಕೊಡಬೇಕಾಗಿದ್ದರಿಂದ ಆಗಷ್ಟೇ ಗಡಿಯಾರ ನೋಡಿಕೊಂಡಿದ್ದಳು. ಗ್ರೀಸು, ಮಣ್ಣು, ಧೂಳು ಸೇರಿ ಡಾಂಬರಿನಂತಾಗಿತ್ತು. ಉಳಿಯ ಮೊನೆ ಸಂದಿಯೊಳಗೆ ಹೊಕ್ಕಿದ್ದೇ ತಡ, ಅಷ್ಟೂ ಒಂದೇ ಹೆಂಟೆಯಾಗಿ ಕಳಚಿ ಆಕೆಯ ಎದೆಯ ಮೇಲೆ ಬಿತ್ತು. ಅದರ ಹಿಂದೆ ಇದ್ದದ್ದು ಮುರಿದ ಕಬ್ಬಿಣದ ತುಂಡು. ಅದು ಮುರಿದಿದೆ ಎಂಬುದು ಆಕೆಗೆ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಇದ್ದದ್ದು ಮುರಿದ ಮುಖದ ಮೇಲಿದ್ದ ಬಣ್ಣ. ಹಸಿರು.

ಆಕೆ ಕೆರೆಯುವುದನ್ನು ನಿಲ್ಲಿಸಿದಳು.

“ಏನೇ, ಸದ್ದೇ ಇಲ್ಲ? ಕಾರು ಮೈಮೇಲೆ ಬಿತ್ತಾ?” ಅಡುಗೆಮನೆಯ ಕಿಟಕಿಯಿಂದ ತಾಯಿ ಕೂಗಿದರು.

“ಇನ್ನೂ ಬಿದ್ದಿಲ್ಲಮ್ಮ.”

“ಬೀಳೋಕೆ ಮುಂಚೆ ನನ್ನ ಮಾತ್ರೆ ಎಲ್ಲಿಟ್ಟಿದೀಯ ಅಂತ ಹೇಳ್ಬಿಡು.”

ಆ ಮನೆಯಲ್ಲಿ ಹಸಿರು ಬಣ್ಣಕ್ಕೆ ಒಂದೇ ಅರ್ಥ: ಅಪ್ಪ ರಿಪೇರಿ ಮಾಡಿದ್ದು. ಆಕೆಯ ತಂದೆ ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಪಂಪು, ಪೈಪುಗಳಿಗೆ ಬಳಿದು ಡಬ್ಬಿಯ ತಳದಲ್ಲಿ ಉಳಿದ ದಪ್ಪ ಹಸಿರು ಬಣ್ಣ ಮನೆಗೆ ಬರುತ್ತಿತ್ತು. ಸ್ಟೂಲಿನ ಕಾಲು, ಗೇಟಿನ ಕೀಲು, ಬಕೆಟ್ಟಿನ ಹಿಡಿ, ಏನನ್ನೇ ಸರಿಮಾಡಿದರೂ ಬೆಸೆದ ಜಾಗಕ್ಕೆ ಎರಡು ಸಲ ಹಸಿರು ಹಚ್ಚಿ ಒಣಗಲು ಇಡುತ್ತಿದ್ದರು. ಹೊಸದನ್ನು ಕೊಂಡು ತರುವುದೆಂದರೆ ಅವರ ಮಟ್ಟಿಗೆ ಸೋತಂತೆ. “ಅಪ್ಪನ ಮುಂದೆ ತುಂಬ ಹೊತ್ತು ಅಲುಗಾಡದೆ ನಿಲ್ಲಬೇಡ, ಹಸಿರು ಬಳಿದುಬಿಡ್ತಾರೆ” ಎಂದು ಆಕೆ, ಆಕೆಯ ತಮ್ಮ ಇಬ್ಬರೂ ಚಿಕ್ಕವರಿದ್ದಾಗ ನಗುತ್ತಿದ್ದರು.

ಇಷ್ಟೆಲ್ಲ ಸರಿಮಾಡಿದ ಮನುಷ್ಯ ಈ ಕಾರನ್ನು ಮಾತ್ರ ಮುಟ್ಟಲಿಲ್ಲ. ಅಪಘಾತವಾದ ಮೇಲೆ ಅದನ್ನು ಎಳೆಸಿಕೊಂಡು ಬಂದು ಶೆಡ್ಡಿಗೆ ತಳ್ಳಿ ಬಾಗಿಲೆಳೆದವರು, ಸಾಯುವ ತನಕ ಒಮ್ಮೆಯೂ ಬಾನೆಟ್ ಎತ್ತಿ ನೋಡಲಿಲ್ಲ. ಮಗಳ ಮೇಲಿನ ಸಿಟ್ಟು ಎಂದು ಮನೆಯವರೆಲ್ಲ ತಿಳಿದರು. ಮಗಳೂ ಹಾಗೇ ತಿಳಿದಳು.

ಅಪಘಾತವಾದಾಗ ಆಕೆಗೆ ಇಪ್ಪತ್ತೊಂದು. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಕಾರು ಕಲಿಸಿದವರು ಅಪ್ಪನೇ. ಅವರದೊಂದು ನಿಯಮವಿತ್ತು: ತಿರುವು ಬರುವ ಮುಂಚೆ ಸ್ಪೀಡಿನ ಮುಳ್ಳು ನೋಡಬೇಕು, ನೋಡಿದ್ದನ್ನು ಬಾಯಿಬಿಟ್ಟು ಹೇಳಬೇಕು. “ಮನಸ್ಸಲ್ಲಿ ಹೇಳ್ಕೊಂಡ್ರೆ ಮನಸ್ಸು ಸುಳ್ಳು ಹೇಳತ್ತೆ. ಬಾಯಲ್ಲಿ ಹೇಳಿದ್ರೆ ಕಾಲು ತಾನಾಗೇ ಬ್ರೇಕಿಗೆ ಹೋಗತ್ತೆ” ಎನ್ನುತ್ತಿದ್ದರು. ಆಕೆ ಒಂದು ದಿನವೂ ಆ ನಿಯಮ ತಪ್ಪಿದವಳಲ್ಲ.

ಅಂದು ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೋದರಮಾವನ ಮನೆಗೆ ಹೊರಟಿದ್ದಳು. ಊರ ಹೊರಗೆ, ಸಣ್ಣ ಸೇತುವೆಗೆ ಮುಂಚೆ, ರಸ್ತೆ ಬಲಕ್ಕೆ ತಿರುಗುತ್ತದೆ. ಆಕೆ ಮುಳ್ಳು ನೋಡಿದಳು, ಅಂಕಿ ಹೇಳಿದಳು, ಸ್ಟೀರಿಂಗ್ ತಿರುಗಿಸಿದಳು. ಸ್ಟೀರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ನೇರವಾಗಿ ಹೋಗಿ ಸೇತುವೆಯ ಮೋಟುಗೋಡೆಗೆ ಬಡಿಯಿತು. ಆಕೆಯ ಹಣೆ ತರಚಿತು, ಅಷ್ಟೆ. ತಾಯಿಯ ಬಲಮೊಣಕಾಲು ಡ್ಯಾಶ್‌ಬೋರ್ಡಿಗೆ ಅಪ್ಪಳಿಸಿ ಚಿಪ್ಪು ಒಡೆಯಿತು. ಆ ಕಾಲು ಮತ್ತೆ ಮಡಚಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಸ್ಪೀಡಿನಲ್ಲಿದ್ದೆ? “ಮೂವತ್ತೆರಡರಲ್ಲಿದ್ದೆ. ತಿರುವಿಗೆ ಮುಂಚೆ ಬಾಯಿಬಿಟ್ಟು ಹೇಳಿದೀನಿ” ಎಂದಳು.

“ಮೂವತ್ತೆರಡಾ?” ಎಂದರು ಸೋದರಮಾವ. “ಮೂವತ್ತೆರಡಕ್ಕೆ ಸೈಕಲ್ಲೂ ಹೀಗೆ ನಜ್ಜುಗುಜ್ಜಾಗಲ್ಲ ಮಗಳೇ. ಹೋಗ್ಲಿ, ಅಮ್ಮ ಪಕ್ಕದಲ್ಲೇ ಇದ್ಲಲ್ಲ, ಅವಳನ್ನೇ ಕೇಳೋಣ.”

ಮಂಚದ ಮೇಲಿದ್ದ ತಾಯಿ ಗಂಡನ ಮುಖವನ್ನೊಮ್ಮೆ ನೋಡಿ ಹೇಳಿದರು: “ನಾನು ಕಣ್ಣು ಮುಚ್ಕೊಂಡಿದ್ದೆ. ಏನೂ ಕೇಳಿಸಲಿಲ್ಲ.”

“ಆಗಿದ್ದು ಆಯ್ತು, ಬಿಡಿ” ಎಂದು ತಂದೆ ಗೋಡೆಯ ಕಡೆ ತಿರುಗಿದರು.

ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಎಳೆಯುವ ಕಬ್ಬಿಣದ ತೋಳೊಂದಿರುತ್ತದೆ. ಅದು ಎರಡು ತುಂಡಾಗಿ ನೇತಾಡುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಗೋಡೆಗೆ ಬಡಿದ ರಭಸಕ್ಕೆ ಮುರಿದಿದೆ ಎಂದರು. ಮುರಿದದ್ದು ಮೊದಲೋ ಬಡಿದದ್ದು ಮೊದಲೋ ಎಂದು ಯಾರೂ ಕೇಳಲಿಲ್ಲ.

ಅಂದಿನಿಂದ ಆಕೆಯ ಹೆಸರು ‘ರಾಕೆಟ್’ ಆಯಿತು. ಮಾವ ಇಟ್ಟದ್ದು, ತಮ್ಮ ಊರಿಗೆಲ್ಲ ಹಂಚಿದ್ದು. ತಮ್ಮನ ಮಕ್ಕಳಿಗೆ ಆಕೆ ‘ರಾಕೆಟ್ ಅತ್ತೆ’. ತಮ್ಮ ಬೆಳೆದು ಡ್ರೈವಿಂಗ್ ಸ್ಕೂಲ್ ತೆರೆದ. ಮೇಜಿನ ಹಿಂದಿನ ಗೋಡೆಗೆ ಅಪ್ಪನ ಫೋಟೋ ಹಾಕಿದ. ಹೊಸಬರಿಗೆ ಮೊದಲ ದಿನ ಅಪ್ಪನ ನಿಯಮ ಹೇಳಿಕೊಡುತ್ತಾನೆ, ಅದರ ಹಿಂದೆಯೇ ಅಕ್ಕನ ಕಥೆ. ಮೊದಮೊದಲು ಆ ಕಥೆಯಲ್ಲಿ ಕಾರು ಅರವತ್ತರಲ್ಲಿ ಹೋಗುತ್ತಿತ್ತು. ಆಮೇಲೆ ಎಪ್ಪತ್ತಾಯಿತು, ಎಂಬತ್ತಾಯಿತು. ಶೆಡ್ಡಿನಲ್ಲಿ ನಿಂತೇ ಇದ್ದ ಕಾರಿನ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಆಕೆಯೂ ಎಲ್ಲರ ಜೊತೆ ನಗುತ್ತಿದ್ದಳು.

ನಗುತ್ತಿದ್ದವಳು ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಅಮ್ಮನ ಕಾಲಿನ ಮಾತು ಅಡ್ಡ ಬಂತು. ಅಡ್ಡ ತಂದವಳು ಆಕೆಯೇ. ಬೆಳಗ್ಗೆ ತಾಯಿಯನ್ನು ಎಬ್ಬಿಸಿ ಸ್ನಾನದ ಮನೆಗೆ ಕರೆದೊಯ್ಯುವುದು, ಅಂಗಡಿಗೆ ಹೋಗಿ ಗಾಜು ಉಜ್ಜುವುದು, ಸಂಜೆ ಬಂದು ಆ ಕಾಲನ್ನು ನೀವುವುದು. ನಲವತ್ತು ವರ್ಷ ಹೀಗೇ ಕಳೆಯಿತು. ತಾನು ಕೆಡಿಸಿದ್ದನ್ನು ತಾನು ನೋಡಿಕೊಳ್ಳುತ್ತಿದ್ದೇನೆ, ಅದರಲ್ಲಿ ದೊಡ್ಡ ಮಾತೇನು ಎಂಬುದು ಆಕೆಯ ಲೆಕ್ಕ.

ಅಂಗಡಿಯಿಂದ ನಿವೃತ್ತಳಾದ ವರ್ಷ ಶೆಡ್ಡಿನ ಚಾವಣಿ ಬದಲಿಸಬೇಕಾಯಿತು. ಕಾರನ್ನು ಹೊರಗೆ ತರಲು ನೋಡಿದರೆ ಚಕ್ರಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು.

“ಗುಜರಿಗೆ ಹಾಕೋಣ ಅಕ್ಕ. ತೂಕಕ್ಕೆ ತಗೊಳ್ತಾರೆ” ಎಂದ ತಮ್ಮ.

“ನಾನು ಸರಿಮಾಡ್ತೀನಿ.”

ತಮ್ಮ ಆಕೆಯನ್ನು ಮೇಲಿಂದ ಕೆಳಗೆ ನೋಡಿದ. “ನೀನು ಒಡೆದದ್ದನ್ನ ನೀನೇ ಸರಿಮಾಡ್ತೀಯ. ಸರಿ, ನ್ಯಾಯವಾಗೇ ಇದೆ.”

ಆಕೆ ಮನಸ್ಸಿನಲ್ಲಿ ಅಂದುಕೊಂಡದ್ದೂ ಅದನ್ನೇ.

ಆರು ತಿಂಗಳು ತುಕ್ಕಿನ ಜೊತೆ ಗುದ್ದಾಡಿದಳು. ಬೆರಳಿನಿಂದ ಒತ್ತಿದರೆ ಬಾಗಿಲಿನ ಕೆಳಅಂಚು ಒಣಗಿದ ಎಲೆಯಂತೆ ಪುಡಿಯಾಗುತ್ತಿತ್ತು. ಅಷ್ಟನ್ನು ಕತ್ತರಿಸಿ ಹೊಸ ತಗಡು ಕೂರಿಸಲು ಬೆಸುಗೆಯವನನ್ನು ಕರೆಸಿದಳು. ಮೇಲ್ಮೈ ತುಕ್ಕನ್ನು ವೈರ್ ಬ್ರಷ್ಷಿನಿಂದ ತಿಕ್ಕಿ, ಸೀಮೆಎಣ್ಣೆಯಲ್ಲಿ ಒರೆಸಿ, ಹೊಳಪು ಕಂಡ ಕೂಡಲೇ ಪ್ರೈಮರ್ ಹಚ್ಚಿದಳು, ಮರುದಿನಕ್ಕೆ ಬಿಟ್ಟರೆ ಮತ್ತೆ ಕೆಂಪಾಗುತ್ತದೆಂದು. ಒಡೆದಿದ್ದ ಸ್ಪೀಡೋಮೀಟರಿನ ಗಾಜಿನ ಬದಲು ತಾನೇ ದುಂಡನೆಯ ಗಾಜು ಉಜ್ಜಿ ಕೂರಿಸಿದಳು. ಅದರೊಳಗೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಅದು ಏನನ್ನೂ ನೆನಪಿಟ್ಟುಕೊಂಡಿರಲಿಲ್ಲ.

ತುಕ್ಕಿನ ಕೆಲಸವೆಲ್ಲ ಮುಗಿಸಿ ಕೊನೆಗೆ ಮುಂದಿನ ಚಕ್ರಗಳ ಹಿಂಬದಿಗೆ ಬಂದಿದ್ದಳು. ಅಲ್ಲಿ ಈ ಹಸಿರು.

ತಾಯಿಗೆ ಮಾತ್ರೆ ಕೊಟ್ಟು ಬಂದು, ತೋಳಿನ ಎರಡೂ ತುಂಡುಗಳನ್ನು ಬಿಚ್ಚಿ ಬೆಳಕಿಗೆ ತಂದಳು. ಅಂಗಡಿಯಲ್ಲಿ ಗಾಜಿನ ಗೀರು ಹುಡುಕಲು ಬಳಸುತ್ತಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಿದಳು. ಮುರಿದ ಮುಖದ ಮೇಲಂಚಿನಿಂದ ಸುಮಾರು ಅರ್ಧದವರೆಗೆ ಹಸಿರು ತೆಳ್ಳಗೆ ಹರಡಿತ್ತು. ಉಳಿದರ್ಧ ಬರೀ ತುಕ್ಕು. ಮೊದಲು ತನ್ನ ಅನುಮಾನವನ್ನೇ ಅನುಮಾನಿಸಿದಳು. ಮುರಿದ ಮೇಲೆ ಯಾರಾದರೂ ಬಳಿದಿರಬಹುದೇ? ಹಾಗಿದ್ದರೆ ಪೂರ್ತಿ ಬಳಿಯುತ್ತಿದ್ದರು, ಅರ್ಧಕ್ಕೆ ಏಕೆ ನಿಲ್ಲಿಸುತ್ತಾರೆ? ಎರಡನೆಯ ತುಂಡನ್ನು ಒರೆಸಿ ನೋಡಿದಳು. ಅದರ ಮೇಲೂ ಅಷ್ಟೇ ಹಸಿರು, ಅದೇ ಆಕಾರ, ಕನ್ನಡಿಯಲ್ಲಿ ಕಂಡಂತೆ. ಎರಡನ್ನೂ ಜೋಡಿಸಿದರೆ ಹಸಿರಿನ ಗಡಿಗಳು ಅಂಗೈಗೆ ಅಂಗೈ ಕೂತಂತೆ ಕೂತವು. ಅಂದರೆ ತೋಳು ಒಂದಾಗಿದ್ದಾಗಲೇ ಅದರೊಳಗೆ ಬಿರುಕಿತ್ತು. ಹೊರಗೆ ಹಚ್ಚಿದ ಬಣ್ಣ ಆ ಬಿರುಕಿನೊಳಗೆ ಇಳಿದಿತ್ತು. ಪಕ್ಕದಲ್ಲೇ ಬೆಸುಗೆಯ ಉಬ್ಬು. ಅಪ್ಪ ಎಂದೂ ಬೆಸುಗೆಯನ್ನು ಅರದಿಂದ ತಿಕ್ಕಿ ಸಮ ಮಾಡುತ್ತಿರಲಿಲ್ಲ.

ಸಂಜೆ ತಾಯಿ ಊಟದ ಮೇಜಿನ ಬಳಿ, ಮಡಚದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸ್ಟೂಲಿನ ಒಂದು ಕಾಲು ಹಸಿರು. ಆಕೆ ಎರಡು ತುಂಡುಗಳನ್ನೂ ಕಾಗದದ ಮೇಲೆ ಇಟ್ಟಳು.

“ಅಮ್ಮ, ಅಪಘಾತ ಆದ್ಮೇಲೆ ಅಪ್ಪ ಯಾವತ್ತಾದ್ರೂ ಕಾರಿನ ಕೆಳಗೆ ಹೋಗಿದ್ರಾ?”

“ಅವರಾ? ಶೆಡ್ಡಿನ ಕಡೆ ತಲೆ ಹಾಕಿ ಮಲಗ್ತಿರಲಿಲ್ಲ.”

“ಹಾಗಾದ್ರೆ ಈ ಹಸಿರು ಯಾವಾಗ ಬಂತು?”

ತಾಯಿ ತುಂಡುಗಳನ್ನು ನೋಡಲಿಲ್ಲ, ಮಗಳನ್ನು ನೋಡಿದರು. ಆಗಲೇ ಆಕೆಗೆ ಅರ್ಧ ಉತ್ತರ ಸಿಕ್ಕಿತು.

“ಯಾರು ಬೆಸೆದದ್ದು ಅಂತ ಕೇಳ್ತಿಲ್ಲಮ್ಮ. ಅದು ಗೊತ್ತಾಗತ್ತೆ. ಯಾವಾಗ ಅಂತ ಕೇಳ್ತಿದೀನಿ.”

“ಅದಕ್ಕೆ ಒಂದು ವಾರ ಮುಂಚೆ” ಎಂದರು ತಾಯಿ. ಕೈ ಬೆಳ್ಳುಳ್ಳಿ ಸುಲಿಯುತ್ತಲೇ ಇತ್ತು. “ಗುಂಡೀಲಿ ಬಿದ್ದು ಬಗ್ಗಿತ್ತಂತೆ. ಅಂಗಡೀಲಿ ಹೊಸದು ಸಿಗ್ತಿತ್ತು. ಹೊಸದು ತಂದುಬಿಟ್ರೆ ಅವರು ನಿಮ್ಮಪ್ಪ ಹೇಗಾಗ್ತಾರೆ? ಕಾಯಿಸಿ ನೆಟ್ಟಗೆ ಮಾಡಿದ್ರು, ಸೀಳಿದ ಕಡೆ ಬೆಸುಗೆ ಹಾಕಿದ್ರು. ನೀನು ಕೆಲಸಕ್ಕೆ ಹೋಗಿದ್ದೆ. ಇಕ್ಕಳದಲ್ಲಿ ಹಿಡ್ಕೊಂಡವಳು ನಾನೇ, ಮುಖ ಆ ಕಡೆ ತಿರುಗಿಸ್ಕೊಂಡು.”

“ಆಮೇಲೆ?”

“ಬಕೆಟ್ ನೀರಿಗೆ ಅದ್ದಿದ್ರು. ಚುಂಯ್ ಅಂತು. ಅದಾದ್ಮೇಲೆ ಸಣ್ಣದಾಗಿ ಒಂದು ಸದ್ದು. ಟಿಕ್ ಅಂತ.”

ಆ ಸದ್ದು ಆಕೆಗೆ ಚೆನ್ನಾಗಿ ಗೊತ್ತು. ಬಿಸಿ ಗಾಜಿಗೆ ತಣ್ಣೀರು ತಾಗಿದಾಗ ಕಣ್ಣಿಗೆ ಏನೂ ಕಾಣುವ ಮುಂಚೆ ಕಿವಿಗೆ ಬೀಳುವ ಸದ್ದು. ಇಂಥ ತೋಳಿನ ಉಕ್ಕನ್ನು ಕೆಂಡದಂತೆ ಕಾಯಿಸಿ ನೀರಿಗೆ ಅದ್ದಿದರೆ ಅದೂ ಗಾಜಿನ ಹಾಗೆಯೇ ಪೆಡಸಾಗಿ ಬಿರಿಯುತ್ತದೆ.

“ಏನ್ರೀ ಅದು ಅಂದೆ. ಏನಿಲ್ಲ, ತಣ್ಣಗಾಯ್ತು ಅಷ್ಟೇ ಅಂದ್ರು. ಒರೆಸಿ ಹಸಿರು ಬಳಿದ್ರು.” ತಾಯಿ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. “ಆಸ್ಪತ್ರೇಲಿ ನನ್ನ ಕಾಲಿನ ಹತ್ರ ಕೂತ್ಕೊಂಡು, ‘ಟಿಕ್ ಅಂದಿತ್ತಲ್ಲ’ ಅಂದ್ರು. ಒಂದೇ ಸಲ. ಸಾಯೋವರೆಗೂ ಮತ್ತೆ ಆ ಮಾತು ಎತ್ತಲಿಲ್ಲ.”

“ನೀನೂ ಎತ್ತಲಿಲ್ಲ.”

“ಅವರಿಗೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ ಕಣೇ. ನಿನಗೆ ಆಗ್ತಿತ್ತು.”

ಮೇಜಿಗೆ ಒರಗಿಸಿಟ್ಟಿದ್ದ ತಾಯಿಯ ಊರುಗೋಲು ಆಕೆಯ ಕಣ್ಣಿಗೆ ಬಿತ್ತು. ಅದನ್ನು ಅಪ್ಪ ಅಂಗಡಿಯಿಂದ ಕೊಂಡು ತಂದಿದ್ದರು. ಆ ವರ್ಷದಿಂದ ಮನೆಗೆ ಹೊಸ ಬಕೆಟ್ಟು, ಹೊಸ ಕುರ್ಚಿ, ಹೊಸ ಬೀಗ ಬರತೊಡಗಿದ್ದವು. ವಯಸ್ಸಾಯಿತು, ಅಪ್ಪನಿಗೆ ರಿಪೇರಿಯ ಹುಚ್ಚು ಬಿಟ್ಟಿತು ಎಂದು ಆಗ ನಕ್ಕಿದ್ದರು. ಹಸಿರು ಡಬ್ಬಿ ಒಣಗಿ ಕಲ್ಲಾಗಿ ಇನ್ನೂ ಶೆಡ್ಡಿನ ಅಟ್ಟದ ಮೇಲಿತ್ತು.

“ತಮ್ಮನಿಗೆ ಹೇಳು” ಎಂದಳು ಕೊನೆಗೆ.

“ಅವನು ಅಪ್ಪನ ಫೋಟೋ ಹಾಕ್ಕೊಂಡು ಪಾಠ ಹೇಳ್ತಿದಾನೆ. ಹೋದವರ ತಲೆಗೆ ಈಗ್ಯಾಕೆ ಕಟ್ಟೋದು?”

“ಇದ್ದವಳ ತಲೆಗೆ ಕಟ್ಟಿದ್ರಲ್ಲಮ್ಮ.”

ಬೆಳ್ಳುಳ್ಳಿ ಮುಗಿದಿತ್ತು. ತಾಯಿ ಬರಿಯ ಸಿಪ್ಪೆಯಲ್ಲಿ ಬೆರಳಾಡಿಸುತ್ತ ಕೂತರು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಹತ್ತೂವರೆಯ ಮಾತ್ರೆ ಹತ್ತೂವರೆಗೇ ಬರುತ್ತಿತ್ತು, ಸಂಜೆ ಕಾಲು ನೀವುವುದೂ ತಪ್ಪಲಿಲ್ಲ. ಆದರೆ ನೀವುವ ಕೈ ಮೊದಲಿನಂತಿರಲಿಲ್ಲ. ಅದು ಇಬ್ಬರಿಗೂ ಗೊತ್ತಾಗುತ್ತಿತ್ತು. ಶೆಡ್ಡಿನ ಬಾಗಿಲು ತೆರೆಯಲಿಲ್ಲ.

“ಕಾರು ಬಿಟ್ಟುಬಿಟ್ಟೆಯಾ?” ಎಂದು ತಾಯಿ ಒಂದು ದಿನ ಕೇಳಿದರು.

“ಗೊತ್ತಿಲ್ಲ.”

ಆಕೆಯನ್ನು ಕಾಡುತ್ತಿದ್ದದ್ದು ಸಿಟ್ಟೊಂದೇ ಅಲ್ಲ. ಎಲ್ಲವನ್ನೂ ಅಳೆದು ನೋಡುವ ಅಭ್ಯಾಸದವಳು, ಇದನ್ನೂ ಅಳೆದು ನೋಡಿದಳು. ಹಸಿರು ಹೇಳುತ್ತಿದ್ದದ್ದು ತೋಳು ಮೊದಲೇ ಬಿರಿದಿತ್ತು ಎಂದಷ್ಟೆ. ಕಾರು ಎಷ್ಟು ವೇಗದಲ್ಲಿತ್ತು ಎಂದು ಅದು ಹೇಳುತ್ತಿರಲಿಲ್ಲ. ಬಿರಿದ ತೋಳು ಮೂವತ್ತೆರಡರಲ್ಲೂ ಮುರಿಯುತ್ತದೆ, ಎಂಬತ್ತರಲ್ಲೂ ಮುರಿಯುತ್ತದೆ. ವೇಗ ಹೆಚ್ಚಿದ್ದರೆ ತಾಯಿಯ ಕಾಲಿನಲ್ಲಿ ತನ್ನ ಪಾಲೂ ಇದೆ. ಅಂಕಿ ಕೇಳಿಸಿಕೊಂಡಿರಬಹುದಾದವರು ಲೋಕದಲ್ಲಿ ಒಬ್ಬರೇ; ಅವರು ಕೇಳಿಸಲಿಲ್ಲ ಎಂದು ಅಂದೇ ಹೇಳಿ ಮುಗಿಸಿದ್ದರು. ಇಷ್ಟು ವರ್ಷ ಎಲ್ಲರ ಜೊತೆ ನಕ್ಕೂ ನಕ್ಕೂ ಆಕೆಗೆ ತನ್ನ ಮೂವತ್ತೆರಡರ ಮೇಲೇ ನಂಬಿಕೆ ಸಡಿಲವಾಗಿತ್ತು. ನಿಜವಾಗಿ ಮುಳ್ಳು ನೋಡಿದ್ದೆನೇ? ಅಥವಾ ನೋಡಿದೆ ಎಂದು ಆಮೇಲೆ ಅಂದುಕೊಂಡೆನೇ? ತಾಯಿಯನ್ನು ಇನ್ನೊಮ್ಮೆ ಕೇಳಬಹುದಿತ್ತು. ಕೇಳಿಸಲಿಲ್ಲ ಎಂದರೂ ಕಷ್ಟ. ಕೇಳಿಸಿತ್ತು ಎಂದರೆ ಇನ್ನೂ ಕಷ್ಟ. ಕೇಳಲಿಲ್ಲ.

ಭಾನುವಾರ ತಮ್ಮ ಬಂದ. ಅಂಗಳದಿಂದಲೇ ಸದ್ದು ಶುರು. “ಏನು ರಾಕೆಟ್, ಉಡಾವಣೆ ಯಾವಾಗ?”

ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದಳು. ಅವನಿಗೆ ತೋರಿಸಬೇಕೆಂದೇ.

“ನಾಳೆ ಹೊಸ ಬ್ಯಾಚ್ ಇದೆ ಅಕ್ಕ. ನಿನ್ನ ಕಥೆ ಹೇಳಬೇಕು.”

“ಈ ಸಲ ಎಷ್ಟು ಹೇಳ್ತೀಯ?”

“ಏನನ್ನ?”

“ನನ್ನ ಸ್ಪೀಡು.”

ಅವನು ನಕ್ಕ. “ತೊಂಬತ್ತು ಮಾಡೋಣ ಅಂತಿದೀನಿ. ಎಂಬತ್ತಕ್ಕೆಲ್ಲ ಈಗಿನವರು ಹೆದರಲ್ಲ.”

ಲೋಟ ಹಿಡಿದಿದ್ದ ಅವನ ಕೈ ನೋಡಿದಳು. ಅಪ್ಪನದೇ ಚಪ್ಪಟೆ ಹೆಬ್ಬೆರಳು. ಕೋಣೆಯ ಬಾಗಿಲಲ್ಲಿ ತಾಯಿ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು. ಅವರ ಕಣ್ಣು ಆಕೆಯ ಜೇಬಿನ ಮೇಲಿತ್ತು. ಆಕೆ ಜೇಬಿನಿಂದ ಕೈ ತೆಗೆದಳು. ಬರಿಗೈ.

ಮರುವಾರ ಶೆಡ್ಡಿನ ಬಾಗಿಲು ಮತ್ತೆ ತೆರೆಯಿತು. ಅರ್ಧಕ್ಕೆ ಬಿಟ್ಟ ಕೆಲಸ ಆಕೆಗೆ ನಿದ್ದೆ ಕೊಡುತ್ತಿರಲಿಲ್ಲ. ಬೇರೆ ಊರಿನ ಬಿಡಿಭಾಗದ ಅಂಗಡಿಯಿಂದ ಹೊಸ ತೋಳು ತರಿಸಿದಳು. ಅದನ್ನು ಕೂರಿಸುವಾಗ ತಾಯಿ ತಾವಾಗಿ ಶೆಡ್ಡಿನವರೆಗೆ ನಡೆದುಬಂದು, ಕುರ್ಚಿ ಹಾಕಿಸಿಕೊಂಡು, ಟಾರ್ಚ್ ಹಿಡಿದು ಕೂತರು. ಮಗಳು ಬೋಲ್ಟು ಬಿಗಿ ಮಾಡಿ ಹೊರಬಂದಾಗ ತಾಯಿ ಕೇಳಿದ್ದು ಒಂದೇ: “ಇದಕ್ಕೆ ಬಣ್ಣ ಬೇಡವಾ?”

“ಬೇಡ. ಬಿರುಕು ಬಿಟ್ರೆ ಕಾಣಬೇಕು.”

ಇಂಜಿನ್ನು, ಬ್ರೇಕು, ಟೈರು, ಕಾಗದಪತ್ರ ಎಲ್ಲ ಮುಗಿದು ಕಾರು ರಸ್ತೆಗಿಳಿದ ದಿನ ತಮ್ಮ ಡ್ರೈವರ್ ಸೀಟಿನಲ್ಲಿ ಕೂತ. ಪಕ್ಕದಲ್ಲಿ ಆಕೆ, ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿಕೊಂಡು ತಾಯಿ. ಎಲ್ಲಿಗೆ ಎಂದು ತಮ್ಮ ಕೇಳಿದ್ದಕ್ಕೆ ತಾಯಿಯೇ ಹೇಳಿದರು, “ನಿಮ್ಮ ಮಾವನ ಮನೆ ರಸ್ತೆಗೆ ಹೋಗು.”

ಊರು ದಾಟಿತು. ಇಂಜಿನ್ ಒಂದೇ ಹದದಲ್ಲಿ ಗುನುಗುತ್ತಿತ್ತು. ಸೇತುವೆಯ ತಿರುವು ಕಂಡಾಗ ಆಕೆಯ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ತಮ್ಮ ಮುಳ್ಳು ನೋಡಿ ಅಭ್ಯಾಸಬಲದಿಂದ ಗಟ್ಟಿಯಾಗಿ “ಮೂವತ್ತು” ಎಂದ. ಸ್ಟೀರಿಂಗ್ ತಿರುಗಿತು, ಕಾರೂ ತಿರುಗಿತು. ಮೋಟುಗೋಡೆಯ ಒಂದು ತುದಿಯ ಕಲ್ಲುಗಳು ಉಳಿದವುಗಳಿಗಿಂತ ಈಗಲೂ ಹೊಸದಾಗಿ ಕಾಣುತ್ತಿದ್ದವು.

“ಇದೇ ಜಾಗ” ಎಂದ ತಮ್ಮ, ನಗುತ್ತ. “ನಮ್ಮ ರಾಕೆಟ್ ತೊಂಬತ್ತರಲ್ಲಿ ಬಂದು...”

ಹಿಂದಿನಿಂದ ಊರುಗೋಲು ಅವನ ಸೀಟಿಗೆ ಬಡಿಯಿತು. “ಗಾಡಿ ನಿಲ್ಸು.”

ಸೇತುವೆ ದಾಟಿ ನಿಲ್ಲಿಸಿ ಹಿಂದಕ್ಕೆ ತಿರುಗಿದ. “ಏನಾಯ್ತಮ್ಮ? ಕಾಲು ನೋವಾ?”

“ತೊಂಬತ್ತಲ್ಲ. ಅವಳು ಬಾಯಿಬಿಟ್ಟು ಹೇಳಿದ್ದು ನನಗೆ ಕೇಳಿಸಿತ್ತು.”

“ಕೇಳಿಸಿತ್ತಾ? ನೀನು ಕಣ್ಣು ಮುಚ್ಕೊಂಡಿದ್ದೆ ಅಂತಲ್ವಾ?”

“ಕಣ್ಣು ಮುಚ್ಚಿದ್ದೆ ಕಣೋ. ಕಿವಿ ಮುಚ್ಚಿರಲಿಲ್ಲ.”

ತಮ್ಮನ ನಗು ಅರ್ಧಕ್ಕೇ ನಿಂತಿತು. ಆಕೆ ತಿರುಗಿ ನೋಡಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ತಾನೇ ಉಜ್ಜಿ ಕೂರಿಸಿದ ದುಂಡು ಗಾಜಿನೊಳಗೆ ಸೊನ್ನೆಗೆ ಮರಳಿದ್ದ ಮುಳ್ಳನ್ನೇ ನೋಡುತ್ತಿದ್ದಳು.

“ಎಷ್ಟು ಅಂದಿದ್ಲು?” ಎಂದ ತಮ್ಮ.

ತಾಯಿ ಕಿಟಕಿಯ ಹೊರಗೆ ನೋಡಿದರು. ಬೆಸುಗೆಯ ಮಾತು, ಬಕೆಟ್ಟಿನ ಮಾತು ಅವರ ಬಾಯಿಂದ ಬರಲಿಲ್ಲ. ಬಂದದ್ದು ಅಂಕಿಯೊಂದೇ.

“ಮೂವತ್ತೆರಡು.”